ಖಾಲಾ ಮನೆಯ ಶುಕ್ರವಾರಗಳು

ನನ್ನ ಎಡಗೈ ಇಂದಿಗೂ ಭುಜದಿಂದ ಮೇಲಕ್ಕೆ ಪೂರ್ತಿ ಏಳುವುದಿಲ್ಲ. ಬಟ್ಟೆ ಒಣಹಾಕುವಾಗ ಬಲಗೈಯೇ ಎರಡರ ಕೆಲಸ ಮಾಡುತ್ತದೆ. ಕೇಳಿದವರಿಗೆ ಚಿಕ್ಕಂದಿನಲ್ಲಿ ಬಿದ್ದಿದ್ದೆ ಎಂದು ಹೇಳಿ ಮುಗಿಸುತ್ತೇನೆ. ನಾನು ಬಿದ್ದಿರಲಿಲ್ಲ. ವಾಡಿಯ ರೈಲ್ವೆ ಮನೆಗಳ ಸಾಲಿನ ಕೊನೆಗೆ ಒಂದು ನಳ ಇತ್ತು. ಒಂದು ಬೆಳಿಗ್ಗೆ ಅಲ್ಲಿ ನನ್ನ ಬಲಗೈಯನ್ನು ಅವ್ವ ಹಿಡಿದಿದ್ದಳು, ಎಡಗೈಯನ್ನು ಆಯಿ, ಅಂದರೆ ಅಪ್ಪನ ತಾಯಿ, ಹಿಡಿದಿದ್ದಳು. ಇಬ್ಬರೂ ಬಿಡಲಿಲ್ಲ. ನೀರಿಗೆ ಬಂದಿದ್ದ ಹೆಂಗಸರು ಕೊಡ ಕೆಳಗಿಟ್ಟು ಬಿಡಿಸುವ ಹೊತ್ತಿಗೆ ಭುಜದಲ್ಲಿ ಏನೋ ಕಳಚಿತ್ತು. ನನಗೆ ಆಗ ಎಂಟು ತುಂಬಿರಲಿಲ್ಲ. ಅವ್ವ ನಮ್ಮ ಮನೆ ಬಿಟ್ಟು ಎರಡು ತಿಂಗಳಾಗಿತ್ತು. ಚಿತ್ತಾಪುರದ ತವರಿನಿಂದ ಯಾರಿಗೂ ಹೇಳದೆ ಬೆಳಗಿನ ಗಾಡಿ ಹತ್ತಿ ನನ್ನನ್ನು ನೋಡಲು ಬಂದಿದ್ದಳು.

ನಮ್ಮದು ಎರಡು ಕೋಣೆಯ ಮನೆ. ನೆಲಕ್ಕೆ ಶಹಾಬಾದದ ಫರಸಿ ಕಲ್ಲು. ಅದನ್ನು ಆಯಿ ದಿನಾ ಎರಡು ಸಲ ಒರೆಸುತ್ತಿದ್ದಳು, ಒರೆಸಿದ ಮೇಲೆ ಒಣಗುವ ತನಕ ಯಾರೂ ಕಾಲಿಡುವಂತಿಲ್ಲ. ಅಪ್ಪ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ. ಅವನ ಪಾಳಿ ಯಾವುದೇ ಇರಲಿ, ಅವನು ಅಂಗಿ ತೊಟ್ಟು ಹೊರಗೆ ಬರುವಾಗ ರೊಟ್ಟಿ ಬುತ್ತಿ ಹೊಸ್ತಿಲ ಬಲಗಡೆ ಇರಬೇಕು. ಜಳಕ, ವಿಭೂತಿ, ಲಿಂಗಪೂಜೆ, ಆಮೇಲೆ ಬಾಯಿಗೆ ತುತ್ತು. ಗಡಿಯಾರ ನಮ್ಮಲ್ಲಿರಲಿಲ್ಲ. ಮದ್ರಾಸ ಕಡೆಯ ಗಾಡಿ ಹೋದರೆ ಒಲೆ ಹಚ್ಚುವ ಹೊತ್ತು, ಹೈದರಾಬಾದಿನ ಗಾಡಿ ಬಂದರೆ ನಾನು ಪಾಟಿ ಹಿಡಿದು ಕೂಡುವ ಹೊತ್ತು. ಈ ಶಿಸ್ತು ನನಗೆ ಹಿಡಿಸಿತ್ತು, ಇಂದಿಗೂ ಹಿಡಿಸುತ್ತದೆ. ಅವ್ವನಿಗೆ ಹಿಡಿಸಲಿಲ್ಲ. ಅವಳದು ಹೊಲದ ಮನೆ. ಹಸಿದಾಗ ಉಂಡು, ನಗು ಬಂದಾಗ ನಕ್ಕು ಬೆಳೆದವಳು. ಹಿಟ್ಟು ನಾದುತ್ತ ನಾದುತ್ತ ನೆರೆಯವರೊಡನೆ ಮಾತಿಗೆ ನಿಂತುಬಿಡುತ್ತಿದ್ದಳು. ಒಂದು ದಿನ ಅಪ್ಪ ಬುತ್ತಿಯಿಲ್ಲದೆ ಪಾಳಿಗೆ ಹೋಗಬೇಕಾಯಿತು. ಸಂಜೆ ಬಂದವನು ಕೈ ಎತ್ತಿದ. ಅದು ಮೊದಲನೆಯ ಸಲವಾಗಿರಲಿಲ್ಲ. ಅವ್ವ ಮರುದಿನ ತವರಿಗೆ ಹೋದಳು, ಮತ್ತೆ ಬರಲಿಲ್ಲ. ಹಿರಿಯರು ಕೂಡಿ ಸೋಡಚೀಟಿ ಬರೆಸಿದರು. ಅಲ್ಲಿಗೆ ಗಂಡ ಹೆಂಡಿರ ಸಂಬಂಧ ಮುಗಿಯಿತು. ಮಗಳು ಅಪ್ಪನ ಮನೆಗೆ ಎಂಬುದನ್ನು ಬರೆಯುವ ಗೋಜಿಗೂ ಯಾರೂ ಹೋಗಲಿಲ್ಲ.

ನಳದ ಜಗಳವಾದ ಮೇಲೆ ಎರಡೂ ಕಡೆಯವರು ವಾಡಿಯ ಮಠದಲ್ಲಿ ಸೇರಿದರು. ನನ್ನ ಕೈಯನ್ನು ಬಟ್ಟೆಯಿಂದ ಕೊರಳಿಗೆ ಕಟ್ಟಿತ್ತು. ಪಂಚರಲ್ಲಿ ಹಿರಿಯರಾದ ಗೌಡರು ಅದನ್ನೇ ನೋಡುತ್ತ ಕುಳಿತಿದ್ದರು. ತಾಯಿಗೆ ಮಗಳನ್ನು ತೋರಿಸಬೇಕು, ಆದರೆ ಎಲ್ಲಿ ಎಂಬುದೇ ಚರ್ಚೆ. ನಮ್ಮ ಮನೆಯಲ್ಲಾದರೆ ಜಗಳ. ಅವ್ವನ ತವರಿನಲ್ಲಾದರೆ ಆಯಿಗೆ ಒಂದೇ ಭಯ.

"ಮದ್ದು ಹಾಕ್ತಾಳ್ರಿ," ಎಂದಳು ಆಯಿ. "ಉಂಡ್ಯಾಗ ಇಟ್ಟು ತಿನಸ್ತಾಳ. ಹುಡುಗಿ ಮನಸು ತಿರುಗಿ ನಮ್ಮ ಕಡಿ ಹೊಳ್ಳಿ ಸುದ್ದಾ ನೋಡೂದಿಲ್ಲ."

ತಿನಿಸಿನಲ್ಲಿ ಮದ್ದಿಟ್ಟು ಮನಸ್ಸು ಕೆಡಿಸುತ್ತಾರೆ ಎಂಬ ಮಾತಿಗೆ ಆ ಸಭೆಯಲ್ಲಿ ಯಾರೂ ನಗಲಿಲ್ಲ. ಗೌಡರೇ ದಾರಿ ಹುಡುಕಿದರು.

"ಹಲೀಮಾಬೀ ಮನಿ ಅದಲ್ಲ, ತೀರಿಕೊಂಡ ಉರ್ದು ಮಾಸ್ತರರದು. ಮುಸಲರ ಮನಿ. ಅಲ್ಲಿ ನಮ್ಮವರು ಹನಿ ನೀರು ಮುಟ್ಟೂದಿಲ್ಲ. ಉಣ್ಣೂದಿಲ್ಲ ತಿನ್ನೂದಿಲ್ಲ ಅಂದ ಮ್ಯಾಲ ಮದ್ದಿನ ಮಾತೆಲ್ಲಿ ಬಂತು?"

ಹಾಗೆ ನನಗೂ ಅವ್ವನಿಗೂ ಶುಕ್ರವಾರಗಳು ಸಿಕ್ಕವು. ನಿಜಾಮರ ರಾಜ್ಯದಲ್ಲಿ ಶಾಲೆಗೆ ರಜೆ ಶುಕ್ರವಾರವೇ. ಅವ್ವ ಬೆಳಗಿನ ಗಾಡಿಗೆ ಬಂದು ಮಧ್ಯಾಹ್ನದ ಗಾಡಿಗೆ ಹೋಗಬೇಕು. ಏನನ್ನೂ ತಿನ್ನಲು ಕೊಡಬಾರದು. ಇದಿಷ್ಟು ಪಂಚರ ಕಟ್ಟಳೆ.

ಉಳಿದ ಕಟ್ಟಳೆಗಳನ್ನು ಹಲೀಮಾ ಖಾಲಾ ಮಾಡಿದಳು. ಎಲ್ಲ ಮಕ್ಕಳಿಗೂ ಅವಳು ಖಾಲಾ, ಅಂದರೆ ಚಿಕ್ಕವ್ವ. ತೆಳ್ಳಗಿನ, ಎತ್ತರದ ಹೆಂಗಸು. ಮಾತು ಕಡಿಮೆ. ಅಪ್ಪನಿಗೂ ಅವ್ವನಿಗೂ ಎರಡು ಬೇರೆ ದಾರಿ ಗೊತ್ತು ಮಾಡಿದಳು. ಅಪ್ಪ ನನ್ನನ್ನು ಓಣಿಯ ಈ ತುದಿಯ ಬೇವಿನ ಮರದ ತನಕ ಬಿಡಬೇಕು, ಅಲ್ಲಿಂದ ಖಾಲಾ ಕೈಹಿಡಿದು ಕರೆದೊಯ್ಯುವಳು. ಅವ್ವ ಆ ತುದಿಯಿಂದ, ಸ್ಟೇಶನ್ನಿನ ಕಡೆಯಿಂದ ಬರಬೇಕು. ಮುಂಬಾಗಿಲು ತೆರೆದೇ ಇರಬೇಕು. ಅವರ ಸುದ್ದಿ ಇವರಿಗೆ, ಇವರ ಸುದ್ದಿ ಅವರಿಗೆ ನನ್ನ ಬಾಯಿಂದ ಹೇಳಿಸಬಾರದು. ಮೊದಲ ಶುಕ್ರವಾರವೇ ಅವ್ವ ನನ್ನ ಕೈ ಮುಟ್ಟಿ ನೋಡಿ, "ಆ ಮುದಿಕಿ ನಿನಗ ಹೊಡೀತಾಳೇನು?" ಎಂದು ಕೇಳಿದಳು. ಖಾಲಾ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಬೇಟಿ, ಈ ಮನ್ಯಾಗ ಆ ಮಾತಿಲ್ಲ. ಕೂಸಿನ ಮುಂದ ಅಳೂದೂ ಇಲ್ಲ. ಅಳೂದಿದ್ದರ ಗಾಡ್ಯಾಗ ಅಳು, ಚಿತ್ತಾಪುರದ ತನಕ ಟೈಮ್ ಅದ."

ಅವ್ವ ನಕ್ಕಳು. ಅತ್ತೆಯ ಮಾತಿಗೆ ಎಂದೂ ಬಗ್ಗದವಳು ಖಾಲಾಳ ಮಾತಿಗೆ ಬಗ್ಗಿದಳು. ಆ ಮನೆಯಲ್ಲಿ ನಾವು ಮಾಡಿದ್ದು ಬಹಳ ಸಣ್ಣ ಕೆಲಸಗಳು. ಅವ್ವ ನನ್ನ ತಲೆ ಬಾಚಿ ಹೇನು ತೆಗೆಯುತ್ತಿದ್ದಳು. ನಾನು ಅಲಿಫ್, ಬೇ ಎಂದು ಉರ್ದು ಪಾಠ ಒಪ್ಪಿಸುತ್ತಿದ್ದೆ, ಅವಳು ಅರ್ಥವಾದವಳಂತೆ ಗೋಣು ಹಾಕುತ್ತಿದ್ದಳು. ಐದು ಕಲ್ಲು ಹಿಡಿದು ಗಜ್ಜುಗ ಆಡುತ್ತಿದ್ದೆವು. ಅವ್ವ ಮೋಸದ ಆಟಗಾರ್ತಿ, ಬಿದ್ದ ಕಲ್ಲನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಡುತ್ತಿದ್ದಳು. ನಾನು ಹಿಡಿದುಹಾಕಿದರೆ, "ಖಾಲಾ, ನೋಡ್ರಿ, ನಿಮ್ಮ ಶಾಣ್ಯಾ ಪೋರಿ ನನಗ ಕಳ್ಳಿ ಅನ್ನಾಕತ್ತಾಳ," ಎನ್ನುವಳು. ಖಾಲಾ ತೀರ್ಪು ಕೊಡುವಳು: "ಕಳ್ಳಿಗಿ ಕಳ್ಳಿ ಅನ್ನಲಾರದ ಏನನ್ನಬೇಕು?" ನಮ್ಮ ಮನೆಯಲ್ಲಿ ನಾನು ವಾರವಿಡೀ ಅಷ್ಟು ನಗುತ್ತಿರಲಿಲ್ಲ. ಆದರೂ ಮನೆಗೆ ಬಂದು ಕಾಲು ತೊಳೆದು ಒಳಗೆ ಹೋದರೆ ಆಯಿಯ ಜೊತೆ ನನಗೆ ಯಾವ ತೊಂದರೆಯೂ ಇರಲಿಲ್ಲ. ನನ್ನ ಭುಜಕ್ಕೆ ತಿಂಗಳುಗಟ್ಟಲೆ ಬಿಸಿ ಎಣ್ಣೆ ತಿಕ್ಕಿದವಳು ಅವಳೇ. ಎರಡು ಮನೆಗಳ ನಡುವೆ ನಾನು ಹರಿಯದೆ ಉಳಿಯಲು ಏನು ಬೇಕಿತ್ತೋ ಅದನ್ನು ಖಾಲಾ ಮಾಡಿಕೊಟ್ಟಿದ್ದಳು. ಒಂದು ವರ್ಷಕ್ಕೂ ಮಿಕ್ಕಿ ಅದು ತಪ್ಪದೆ ನಡೆಯಿತು. ಕೆಡಿಸಿದವಳು ನಾನು.

ಅದು ರಮಜಾನ್ ಹಬ್ಬ ಮುಗಿದ ಮರುದಿನದ ಶುಕ್ರವಾರ. ಮಧ್ಯಾಹ್ನದ ನಮಾಜಿಗೆಂದು ಖಾಲಾ ಒಳಕೋಣೆಗೆ ಹೋಗಿದ್ದಳು. ಅವ್ವ ಹಿಂದಿನ ದಿನ ಪೂರ್ತಿ ಹೊಲದಲ್ಲಿ ದುಡಿದು ಬಂದಿದ್ದಳು, ಗೋಡೆಗೆ ಒರಗಿದವಳಿಗೆ ಕಣ್ಣು ಹತ್ತಿತ್ತು. ಹಿಂದಿನ ಅಡುಗೆಮನೆಯಿಂದ ತುಪ್ಪದ ವಾಸನೆ ಬೆಳಗಿನಿಂದ ಬರುತ್ತಲೇ ಇತ್ತು. ಎದ್ದು ಹೋದೆ. ಒಂದು ದೊಡ್ಡ ಬಟ್ಟಲಿಗೆ ತಾಟು ಮುಚ್ಚಿಟ್ಟಿತ್ತು. ಒಳಗೆ ಸುರಕುಂಬಾ. ಹಾಲು, ಖರ್ಜೂರ, ಕೂದಲೆಳೆಯಂಥ ಕೆಂಪು ಶಾವಿಗೆ. ಒಂದು ಬೆರಳು ನೆಕ್ಕಿ ಬಿಡುವುದೆಂದು ಕೈ ಹಾಕಿದೆ. ಬಟ್ಟಲು ಮುಗಿಸಿದೆ. ತಾಟನ್ನು ಮೊದಲಿದ್ದಂತೆಯೇ ಸರಿಯಾಗಿ ಮುಚ್ಚಿ, ಬಾಯಿ ಒರೆಸಿಕೊಂಡು ಬಂದು ಅವ್ವನ ಪಕ್ಕ ಕುಳಿತೆ. ಇನ್ನೊಂದು ಕೋಣೆಯಲ್ಲಿ ಖಾಲಾ ಸಲಾಮು ಹೇಳಿ ನಮಾಜು ಮುಗಿಸುವುದು ಕೇಳಿಸಿತು.

ಸಂಜೆಗೆ ಹೊಟ್ಟೆ ತೊಳಸಿತು. ಅಂಗಳದಲ್ಲಿ ಎರಡು ಸಲ ವಾಂತಿ ಮಾಡಿದೆ. ಆಯಿ ನನ್ನ ಹಣೆ ಹಿಡಿದುಕೊಂಡು ಕುಳಿತಿದ್ದವಳು ಬಗ್ಗಿ ನೋಡಿದಳು. ಅವಳ ಕಣ್ಣಿಗೆ ಶಾವಿಗೆ ಶಾವಿಗೆಯಾಗಿ ಕಾಣಲಿಲ್ಲ. ನಮ್ಮಲ್ಲಿ ಮಣೆಯ ಮೇಲೆ ಹೊಸೆಯುವ ಶಾವಿಗೆ ಬೆಳ್ಳಗೆ, ದಪ್ಪಗೆ ಇರುತ್ತದೆ.

"ಕೂದಲ," ಎಂದಳು ಆಯಿ ಮೆಲ್ಲಗೆ. ಮದ್ದಿನಲ್ಲಿ ಕೂದಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. "ಏನು ತಿಂದಿ? ಯಾರು ಕೊಟ್ಟರು? ಖರೆ ಹೇಳು ನನ್ನ ಕೂಸ."

ನಾನು ಲೆಕ್ಕ ಹಾಕಿದೆ. ಆ ವಯಸ್ಸಿಗೇ ಅಷ್ಟು ಲೆಕ್ಕ ಬರುತ್ತಿತ್ತು ನನಗೆ. ಮುಸಲರ ಮನೆಯ ಅಡುಗೆ ತಿಂದೆ, ಅದೂ ಕದ್ದು ತಿಂದೆ ಎಂದರೆ ಲಿಂಗ ಕಟ್ಟಿಕೊಂಡವಳಿಗೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಅಪ್ಪನ ಕೈ ಏಳುತ್ತದೆ. ಜಂಗಮರನ್ನು ಕರೆಸಿ ಮತ್ತೆ ದೀಕ್ಷೆ ಕೊಡಿಸಬೇಕು, ಓಣಿಯೆಲ್ಲ ನೋಡುತ್ತದೆ. ಅವ್ವ ಕೊಟ್ಟಳು ಎಂದರೆ ತಪ್ಪು ಅವ್ವನದು.

"ಅವ್ವ ಉಂಡಿ ಕೊಟ್ಟಳು," ಎಂದೆ.

ಆಯಿ ಬೈಯಲಿಲ್ಲ. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು.

ನಾಲ್ಕು ದಿನಕ್ಕೆ ಪಂಚರು ಮತ್ತೆ ಮಠಕ್ಕೆ ಬಂದರು. ಅವ್ವನನ್ನು ಕರೆಸಿದ್ದರು. ಖಾಲಾಳನ್ನೂ ಕರೆಸಿದ್ದರು, ಆದರೆ ಮಠದೊಳಗೆ ಬರುವಂತಿಲ್ಲದ್ದರಿಂದ ಅವಳು ಅಂಗಳದಲ್ಲಿಯೇ ಬುರ್ಖಾ ಹೊದ್ದು ನಿಂತಿದ್ದಳು. ಅವ್ವ ಒಳಗೆ ಬರುವ ಮೊದಲು ಇಬ್ಬರೂ ಏನೋ ಮಾತಾಡಿಕೊಂಡದ್ದನ್ನು ಕಂಡೆ. ಗೌಡರು ನನ್ನನ್ನು ನಡುವೆ ನಿಲ್ಲಿಸಿಕೊಂಡು ಕೇಳಿದರು.

"ಎಂಥಾ ಉಂಡಿ, ತಂಗಿ?"

"ಶೇಂಗಾ ಉಂಡಿ."

"ಎಷ್ಟು?"

"ಎರಡು."

"ಎಲ್ಲಿಂದ ತೆಗೆದು ಕೊಟ್ಟಳು?"

"ಸೆರಗಿನ ಗಂಟಿನಿಂದ."

"ಹಲೀಮಾಬೀ ನೋಡಲಿಲ್ಲೇನು?"

"ಖಾಲಾ ನಮಾಜಕ್ಕ ಒಳಗ ಹೋಗಿದ್ದಳು."

ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿಯೇ ಒಪ್ಪಿಸಿದೆ, ಒಂದು ಕಡೆಯೂ ತಡವರಿಸಲಿಲ್ಲ. ಪಂಚರಲ್ಲಿ ಒಬ್ಬರು, "ಹುಡುಗಿ ಭಾಳ ಚೊಕ್ಕ ಹೇಳ್ತದ ನೋಡ್ರಿ," ಎಂದರು. ಆ ಮಾತಿಗೆ ನನಗೆ ಒಳಗೊಳಗೆ ಖುಷಿಯಾಯಿತು. ಇಷ್ಟು ವರ್ಷಗಳಾದ ಮೇಲೆ ಸುಳ್ಳಿಗಿಂತ ಆ ಖುಷಿಯೇ ನನಗೆ ಹೆಚ್ಚು ನಾಚಿಕೆ ತರಿಸುತ್ತದೆ.

ಗೌಡರು ಅವ್ವನ ಕಡೆ ತಿರುಗಿದರು. "ನೀ ಏನಂತೀಯವ್ವ?"

ಅವ್ವ ನನ್ನನ್ನು ನೋಡಿದಳು. ನಾನು ಫರಸಿಯ ಸಂದಿ ನೋಡುತ್ತಿದ್ದೆ.

"ನನ್ನ ಮಗಳು ಸುಳ್ಳು ಹೇಳೂದಿಲ್ರಿ," ಎಂದಳು. "ನಾ ಕೊಟ್ಟಿರಬೇಕು."

"ಕೊಟ್ಟಿರಬೇಕು ಅಂದ್ರೇನು? ಕೊಟ್ಟಿಯೋ ಇಲ್ಲೋ?"

"ಆಕಿ ಅಂದಿದ್ದೇ ಖರೆ."

ಶುಕ್ರವಾರಗಳು ನಿಂತವು. ಆಯಿ ಕೊರಳಿಗೆ ತಾಯಿತ ಕಟ್ಟಿಸಿದಳು. ನಾನು ಒಂದು ಶುಕ್ರವಾರ ಪಾಠ ಓದಿದೆ, ಒಂದು ಶುಕ್ರವಾರ ನಳದಿಂದ ನೀರು ತಂದೆ. ಖಾಲಾ ಓಣಿಯಲ್ಲಿ ಎದುರಾದರೆ ಮೊದಲಿನಂತೆಯೇ, "ಹೆಂಗಿದ್ದಿ ಬೇಟಿ," ಎನ್ನುತ್ತಿದ್ದಳು. ನಾನು ಇನ್ನೊಂದು ಓಣಿಯಿಂದ ಹೋಗುವುದನ್ನು ಕಲಿತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಹೆದರಿದ ಹುಡುಗಿಯ ತಪ್ಪು ಎಂದು ನನ್ನನ್ನು ನಾನೇ ಮನ್ನಿಸಿಕೊಳ್ಳಬಹುದಿತ್ತು. ಎರಡು ತಿಂಗಳ ಮೇಲೆ ಒಂದು ದಿನ ಅಪ್ಪ ಊಟಕ್ಕೆ ಕುಳಿತವನು ತಟ್ಟೆ ನೋಡುತ್ತಲೇ ಹೇಳಿದ.

"ಬರೂ ಶುಕ್ರವಾರ ಖಾಲಾ ಮನಿಗಿ ಹೋಗು. ಗೌಡ್ರಿಗಿ ಹೇಳೀನಿ. ನಿಮ್ಮವ್ವಗೂ ಸುದ್ದಿ ಕಳಿಸೀನಿ."

ಆಯಿ ರೊಟ್ಟಿ ಬಡಿಯುತ್ತಿದ್ದಳು. ಅವಳು ಸಿಟ್ಟಾಗುತ್ತಾಳೆಂದು ನಾನು ಕಾದೆ. ಅವಳು, "ಹೋಗಿ ಬರಲಿ ಬಿಡು. ಹೆತ್ತಾಕಿ ಎಷ್ಟಂದ್ರೂ. ತಾಯಿತ ಅದಲ್ಲ ಕೊಳ್ಳಾಗ," ಎಂದಳು. ಅಪ್ಪ ಅವಳನ್ನು ಒಪ್ಪಿಸಲು ಎಷ್ಟು ದಿನ ಹೆಣಗಿದ್ದನೋ ನನಗೆ ಗೊತ್ತಿಲ್ಲ. ಹೆಂಡತಿಯ ಮೇಲೆ ಕೈ ಎತ್ತಿದ ಮನುಷ್ಯ ಅವನು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಂದು ಅವನು ಸರಿಯಾದ ಕೆಲಸ ಮಾಡಿದ್ದ. ಶುಕ್ರವಾರ ಬೆಳಿಗ್ಗೆ ಆಯಿ ತಾನೇ ನನಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ತೊಳೆದ ಲಂಗ ತೊಡಿಸಿದಳು. ಅಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದ.

"ನಾ ಒಲ್ಲೆ," ಎಂದೆ.

"ಯಾಕವ್ವ?"

ಖಾಲಾಳ ಮುಂದೆ ಹೋಗಿ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ. ಅವ್ವ ನನ್ನ ತಲೆ ಬಾಚುತ್ತ, ಉಂಡಿ ನಾ ಯಾವಾಗ ಕೊಟ್ಟೆ ಎಂದು ಕೇಳಿದರೆ ಏನು ಹೇಳಲಿ? ಅದನ್ನು ಅಪ್ಪನಿಗೆ ಹೇಳುವಂತಿರಲಿಲ್ಲ. ಆಯಿಯ ಬಾಯಿಂದಲೇ ಕಲಿತ ಮಾತು ನಾಲಿಗೆಯ ತುದಿಯಲ್ಲಿತ್ತು.

"ಅವ್ವ ಮದ್ದು ಹಾಕ್ತಾಳ. ನನಗ ಹೆದರಿಕಿ ಬರ್ತದ."

ಅಪ್ಪ ಆಯಿಯ ಮುಖ ನೋಡಿದ. ಆಯಿ ನನ್ನ ಮುಖ ನೋಡಿದಳು. ಅವನು ಮದ್ದನ್ನು ಅಲ್ಲಿಯ ತನಕ ನಂಬಿರಲಿಲ್ಲ ಎಂಬುದು ನನಗೆ ಆ ಕ್ಷಣ ತಿಳಿಯಿತು. ಯಾಕೆಂದರೆ ಅವನು ನಂಬುವುದನ್ನು ನಾನು ಕಣ್ಣಾರೆ ಕಂಡೆ. ಚಪ್ಪಲಿ ಬಿಟ್ಟು ಒಳಗೆ ಬಂದ. ಆದರೂ ಮುಂದಿನ ಶುಕ್ರವಾರ ಮತ್ತೆ ಕೇಳಿದ, ಅದರ ಮುಂದಿನ ಶುಕ್ರವಾರವೂ ಕೇಳಿದ. ಮೂರೂ ಸಲ ಅದನ್ನೇ ಹೇಳಿದೆ. ಮೂರೂ ಶುಕ್ರವಾರ ಅವ್ವ ಬಂದು ಖಾಲಾಳ ಮನೆಯಲ್ಲಿ ಮಧ್ಯಾಹ್ನದ ಗಾಡಿಯ ತನಕ ಕುಳಿತಿದ್ದಳಂತೆ. ನಾನು ನಾಲ್ಕು ನೂರು ಹೆಜ್ಜೆ ದೂರದಲ್ಲಿ ಕಾಪಿ ಬರೆಯುತ್ತಿದ್ದೆ. ಆಮೇಲೆ ಅವ್ವನಿಗೆ ಉಡಿಕಿ ಮಾಡಿ, ಚಿಂಚೋಳಿ ಕಡೆಯ ಒಬ್ಬ ರೈತನಿಗೆ ಕೊಟ್ಟರೆಂದು ಸುದ್ದಿ ಬಂತು. ಆಕೆ ಎರಡನೆಯ ಮನೆ ಕಂಡಳು. ವಾಡಿಯ ಗಾಡಿ ಅವಳಿಗೆ ದೂರವಾಯಿತು.

ನಾನು ಓದಿ ಸೇಡಂನಲ್ಲಿ ಹುಡುಗಿಯರ ಶಾಲೆಗೆ ಅಕ್ಕೋರಾದೆ. ಮುಂದೆ ತಂದೆ ತಾಯಿ ಬೇರೆಯಾದ ಮಕ್ಕಳು ನನ್ನ ಶಾಲೆಗೆ ಬಂದಾಗ, ರಜೆಯ ದಿನ ಒಂದು ಕೋಣೆ ತೆರೆದುಕೊಟ್ಟು, ಬಾಗಿಲಲ್ಲಿ ನಾನೇ ಕುಳಿತು ಭೇಟಿ ಮಾಡಿಸಿದ್ದೇನೆ. ಯಾರು ಏನು ಮಾಡಿದರು ಎಂದು ಒಂದು ಮಗುವನ್ನೂ ಸಾಕ್ಷಿಗೆ ನಿಲ್ಲಿಸಲು ಬಿಟ್ಟಿಲ್ಲ. ಜನ ಇದನ್ನು ನನ್ನ ದೊಡ್ಡ ಗುಣವೆಂದು ಹೇಳುತ್ತಾರೆ. ಖಾಲಾಳಿಂದ ಕಲಿತದ್ದು, ಅವಳ ಮನೆಯನ್ನು ಕೆಡಿಸಿ ಕಲಿತದ್ದು ಎಂದು ನಾನು ಯಾರಿಗೂ ಹೇಳಿಲ್ಲ.

ರಜಾಕಾರರ ಗದ್ದಲ ಅಡಗಿ, ಗಾಡಿಗಳು ಮತ್ತೆ ಹೊತ್ತಿಗೆ ಸರಿಯಾಗಿ ಓಡತೊಡಗಿದ ಮೇಲೆ, ಅವ್ವ ಬದುಕಿದ್ದಾಳೋ ಇಲ್ಲವೋ ನೋಡಿ ಬರಬೇಕೆನಿಸಿತು. ನನಗೆ ಆಗ ಇಪ್ಪತ್ತರ ಆಸುಪಾಸು. ಆಯಿ ತೀರಿಕೊಂಡು ಎರಡು ವರ್ಷವಾಗಿತ್ತು. ತಾಂಡೂರಿನಲ್ಲಿ ಇಳಿದು, ಚಿಂಚೋಳಿ ಕಡೆ ಹೊರಟಿದ್ದ ಒಂದು ಚಕ್ಕಡಿಯಲ್ಲಿ ಕುಳಿತೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ. ಸುರಕುಂಬಾ ಮೊದಲು, ಉಂಡಿ ಆಮೇಲೆ, ಕ್ಷಮೆ ಕೊನೆಗೆ.

ಅವ್ವ ದಪ್ಪಗಾಗಿದ್ದಳು. ಮುಂದಿನ ಎರಡು ಹಲ್ಲು ಹೋಗಿದ್ದವು. ನನ್ನನ್ನು ಗುರುತು ಹಿಡಿಯಲು ಒಂದು ಗಳಿಗೆ ಹಿಡಿಯಿತು. ಹಿಡಿದ ಮೇಲೆ ಅಳಲಿಲ್ಲ, ಕೈಹಿಡಿದು ಒಲೆಯ ಮುಂದೆ ಕೂಡಿಸಿ ತಟ್ಟೆ ಇಟ್ಟಳು. "ಕುಂದ್ರು. ಮೊದಲು ಉಣ್ಣು, ಆಮ್ಯಾಲ ಮಾತು." ಬಿಸಿ ರೊಟ್ಟಿ, ಪುಂಡಿಪಲ್ಯ. ನಾನು ಒಂದು ರೊಟ್ಟಿ ಮುಗಿಸಿ, ಜೋಡಿಸಿಕೊಂಡಿದ್ದನ್ನು ಕ್ರಮವಾಗಿ ಹೇಳಿದೆ.

"ಗೊತ್ತದವ್ವ," ಎಂದಳು, ಹಿಟ್ಟು ತಟ್ಟುವುದನ್ನು ನಿಲ್ಲಿಸದೆ. "ಮಠದ ಅಂಗಳದಾಗೇ ಖಾಲಾ ಹೇಳಿದ್ದಳು, ಬಟ್ಟಲ ಖಾಲಿ ಆಗಿತ್ತು ಅಂತ. ಒಳಗ ಕೂಗಿ ಹೇಳ್ತೀನಿ ಅಂದಳು. ನಾನೇ ಬ್ಯಾಡ ಅಂದೆ. ನಿನ್ನ ಹೊಡೀತಿದ್ದರು, ಖಾಲಾನ ಬಾಗಿಲ ಮುಂದ ಜಗಳಕ್ಕ ನಿಲ್ಲತಿದ್ದರು. ಅದರದ್ದೇನದ ಬಿಡು, ಹುಡುಗೂರು ಹೆದರಿ ಸುಳ್ಳು ಹೇಳ್ತಾವ."

ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ನನ್ನ ಕಡೆ ತಿರುಗಿದಳು.

"ಆಮ್ಯಾಲ ಮೂರು ಶುಕ್ರವಾರ ಬಂದು ಕುಂತಿದ್ದೆ ನಾ. ಆವಾಗ ಯಾಕ ಬರಲಿಲ್ಲ ನೀ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ತಿಳಿದುಕೊಳ್ಳಬೇಕು ಎಂದಷ್ಟೇ ಕೇಳಿದ್ದಳು. ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ ಅದೊಂದೇ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಚಕ್ಕಡಿಯಲ್ಲಿ ನಾನು ಇದಕ್ಕೆ ಉತ್ತರ ಜೋಡಿಸಿಕೊಂಡಿರಲಿಲ್ಲ.

"ಆಯಿ ಬಿಡಲಿಲ್ಲ," ಎಂದೆ.

ಅವ್ವನ ಮುಖ ಹಗುರಾಯಿತು. "ಹಂಗೇನು," ಎಂದಳು. "ನೀನೇ ಒಲ್ಲೆ ಅಂದಿ ಅಂತ ತಿಳದಿದ್ದೆ ನಾ. ಇಷ್ಟು ದಿನ ಅದನ್ನೇ ತಿಳದಿದ್ದೆ." ಆಮೇಲೆ ಆಯಿಯನ್ನು ಬೈಯಲು ಶುರು ಮಾಡಿದಳು. ಮುದಿಕಿ, ಹೊಟ್ಟೆಕಿಚ್ಚಿನಾಕಿ, ಕಲ್ಲೆದೆಯಾಕಿ, ಸತ್ತಮ್ಯಾಲೂ ಆಕಿಗೆ ಒಳ್ಳೇದಾಗೂದಿಲ್ಲ ಎಂದು ಮನಸಾರೆ, ಸಮಾಧಾನದಿಂದ ಬೈದಳು. ಆ ಶುಕ್ರವಾರ ನನ್ನ ಜಡೆ ಹೆಣೆದು ಕಳಿಸಲು ಸಿದ್ಧ ಮಾಡಿದ್ದ ಮುದುಕಿಯನ್ನು. ಅವ್ವ ಸಾಯುವ ತನಕ ಅದನ್ನೇ ನಂಬಿದಳು. ನಾನು ತಲೆ ತಗ್ಗಿಸಿ ಕೇಳುತ್ತ ಕುಳಿತೆ, ಎರಡನೆಯ ರೊಟ್ಟಿ ಹಾಕಿಸಿಕೊಂಡೆ.